ಮೊದಲು ಮುಚ್ಚಳ ತೆಗೀರಿ

ಹೋದ ಭಾನುವಾರ ತಿಂಡಿಗೆ ಕೂತಿದ್ದಾಗ ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ನಮ್ಮ ಹಿಂದಿನ ರಸ್ತೆಯ ಪಿಜಿಯಲ್ಲಿರುವ ಹುಡುಗ. ದಯಾನಂದ ಸಾಗರ್‌ನಲ್ಲಿ ಮೂರನೇ ವರ್ಷದ ಎಂಜಿನಿಯರಿಂಗ್ ಓದುತ್ತಾನೆ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಚೀಲದಲ್ಲಿ ಟವೆಲ್ ಸುತ್ತಿದ ಪ್ಲೇಸ್ಟೇಷನ್ ಗೇಮ್ ಮೆಷಿನ್, ಪಿಎಸ್‌4.

"ಅಂಕಲ್, ಇದನ್ನ ಜೈಲ್‌ಬ್ರೇಕ್ ಮಾಡಿಸ್ಬೇಕಿತ್ತು. ಎಲ್ಲಿ ಮಾಡಿಸ್ಲಿ?"

ಹೆಸರು ಬೇರೆ ಬೇರೆ ಇರುತ್ತದೆ, ಪ್ರಶ್ನೆ ಇದೇ: ಕಂಪನಿ ಹಾಕಿದ ಬೀಗ ತೆಗೆಸುವುದು ಎಲ್ಲಿ? ಕೆಲವರು ಚಿಪ್ ಹಾಕಿಸುವುದು ಅನ್ನುತ್ತಾರೆ, ಕೆಲವರು ಕ್ರ್ಯಾಕ್ ಅನ್ನುತ್ತಾರೆ. ಮಗನಿಗೆ ಹಳೇ ಎಕ್ಸ್‌ಬಾಕ್ಸ್ ಕೊಡಿಸಿದ ಅಪ್ಪಂದಿರು 'ಒಳಗೆ ಏನೋ ಮಾಡ್ತಾರಂತಲ್ಲ, ಅದು' ಎಂದು ಬರೆಯುತ್ತಾರೆ. ಇಷ್ಟು ದಿನ ಈ ಅಂಕಣದಲ್ಲಿ ಅದನ್ನು ಮುಟ್ಟಿರಲಿಲ್ಲ. ಪ್ರಶ್ನೆ ಮನೆ ಬಾಗಿಲಿಗೇ ಬಂದ ಮೇಲೆ ತಪ್ಪಿಸಿಕೊಳ್ಳುವುದು ಹೇಗೆ?

"ಆನ್ ಮಾಡಿದ್ರೆ ಸೌಂಡ್ ಬರುತ್ತಾ?" ಅಂದೆ.

"ಅಯ್ಯೋ, ಮಿಕ್ಸಿ ಥರ. ರೂಮ್‌ಮೇಟ್ ಬೈತಾನೆ."

"ಜೈಲ್‌ಬ್ರೇಕ್ ಆಮೇಲೆ ನೋಡೋಣ. ಮೊದಲು ಮುಚ್ಚಳ ತೆಗಿ."

ನಾನು ಗೇಮ್ ಮೆಷಿನ್ನಿನ ಮುಚ್ಚಳ ತೆಗೆದದ್ದನ್ನು ಮೊದಲು ನೋಡಿದ್ದು 1998ರಲ್ಲಿ, ಸುಟ್ಟ ವಾಸನೆ ಬಂದ ಮಾರನೇ ದಿನ. ಕ್ಯಾಲಿಫೋರ್ನಿಯಾದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಪ್ಲೇಸ್ಟೇಷನ್ ತಂದಿದ್ದರು. ಬೂದು ಬಣ್ಣದ ಮೊದಲನೆಯದು, ಜಪಾನಿನಲ್ಲಿ 1994ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿದ್ದು. ಅಮೆರಿಕದ ಮೆಷಿನ್ನಿಗೆ ಬೇಕಾದ್ದು 120 ವೋಲ್ಟ್, ನಮ್ಮ ಗೋಡೆಯಲ್ಲಿರುವುದು 230. ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದರು. ಪಿಯುಸಿ ಓದುತ್ತಿದ್ದ ನನಗೆ ತಾಳ್ಮೆ ಇರಲಿಲ್ಲ. ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಪಟ್ ಅಂತ ಒಂದು ಸದ್ದು, ಆಮೇಲೆ ಆ ವಾಸನೆ. ಚಿಕ್ಕಪ್ಪ 'ಹೋಗ್ಲಿ ಬಿಡೋ' ಅಂದರು. ಅಪ್ಪ ಎರಡು ದಿನ ನನ್ನ ಜತೆ ಮಾತಾಡಲಿಲ್ಲ.

ಎಸ್‌ಪಿ ರೋಡಿಗೆ ತೆಗೆದುಕೊಂಡು ಹೋದೆವು. ಮೊದಲ ಮಹಡಿಯ ಪುಟ್ಟ ಅಂಗಡಿಯಲ್ಲಿ ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡಿದ್ದ ಒಬ್ಬರು ಅದನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದರು. ಒಳಗೆ ವಿದ್ಯುತ್ತಿನ ಭಾಗಕ್ಕೆ ಬೇರೆಯೇ ಒಂದು ಬೋರ್ಡು. ಸಣ್ಣದೊಂದು ವೈರಿನ ಗುಚ್ಛದಿಂದ ಮುಖ್ಯ ಬೋರ್ಡಿಗೆ ಸೇರಿಸಿತ್ತು. "ಹೋಗಿರೋದು ಇದೊಂದೇ. ಮಿಕ್ಕಿದ್ದೆಲ್ಲ ಚೆನ್ನಾಗಿದೆ" ಅಂದರು. ಒಂದು ವಾರದ ಮೇಲೆ ಎಲ್ಲಿಂದಲೋ ಯುರೋಪ್ ಮಾದರಿಯ 230 ವೋಲ್ಟಿನ ಬೋರ್ಡ್ ತಂದು ಕೂರಿಸಿದರು. ಮೆಷಿನ್ ಎದ್ದು ಕೂತಿತು. ಮಾಡಿಫಿಕೇಶನ್ ಅನ್ನುವ ದೊಡ್ಡ ಪದ ಆಗ ನನಗೆ ಗೊತ್ತಿರಲಿಲ್ಲ. ನನ್ನ ಪಾಲಿಗೆ ಅದು ರಿಪೇರಿ ಅಷ್ಟೆ.

ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ತಂದು ಹಚ್ಚಿದರೆ ನಮ್ಮ ಹಳೇ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪು. ಅಮೆರಿಕದ ಬಣ್ಣದ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ರಾಜ್‌ಕುಮಾರ್ ಅವರ ಹಳೇ ಸಿನಿಮಾ ನೋಡಿದ ಹಾಗೆ ಕಾರ್ ರೇಸ್ ನೋಡಿದೆವು. ಇನ್ನೊಬ್ಬ ಸಂಬಂಧಿಕರು ದುಬೈನಿಂದ ತಂದುಕೊಟ್ಟ ಗೇಮ್ ಡಿಸ್ಕ್, ದುಡ್ಡು ಕೊಟ್ಟು ತಂದ ಅಸಲಿ ಡಿಸ್ಕ್, ಈ ಅಮೆರಿಕದ ಮೆಷಿನ್ನಿನಲ್ಲಿ ಓಡಲೇ ಇಲ್ಲ. ಅಸಲಿ ಮೆಷಿನ್, ಅಸಲಿ ಡಿಸ್ಕ್, ಆದರೂ ಓಡುವುದಿಲ್ಲ ಅಂದರೆ ಏನರ್ಥ? ಚಿಪ್ ಅನ್ನುವ ಮಾತು ನಮ್ಮ ಮನೆಗೆ ಬಂದದ್ದು ಆ ದಿನ.

ಅದರ ಕೆಲಸ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಸಿಡಿಯಲ್ಲಿ ಮಾಹಿತಿ ಸುರುಳಿ ಗೆರೆಯಲ್ಲಿ ಇರುತ್ತದೆ. ಲೇಸರ್ ಕಿರಣ ಆ ಗೆರೆಯ ಮೇಲೇ ಹೋಗಬೇಕು, ಆಚೀಚೆ ಸರಿದರೆ ಮೆಷಿನ್ ಅದನ್ನು ತಿದ್ದಿ ಗೆರೆಗೆ ತರುತ್ತದೆ. ಪ್ಲೇಸ್ಟೇಷನ್ ಮಾಡಿದ ಸೋನಿಯವರು ತಮ್ಮ ಡಿಸ್ಕಿನ ಆರಂಭದ ಭಾಗದಲ್ಲಿ ಗೆರೆಯನ್ನೇ ಅತಿ ಸಣ್ಣದಾಗಿ ಅಂಕುಡೊಂಕು ಮಾಡಿದರು. ಆ ಅಂಕುಡೊಂಕಿನಲ್ಲಿ ನಾಲ್ಕು ಅಕ್ಷರ ಅಡಗಿದೆ: ಜಪಾನಿನ ಡಿಸ್ಕಿಗೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯುರೋಪಿನದ್ದಕ್ಕೆ ಎಸ್‌ಸಿಇಇ. ಮೆಷಿನ್ ಮೊದಲು ಆ ಅಕ್ಷರ ಓದುತ್ತದೆ. ತನ್ನ ಊರಿನದಾದರೆ ಮುಂದಕ್ಕೆ, ಇಲ್ಲದಿದ್ದರೆ ಇಲ್ಲ. ಸಿಡಿ ರೈಟರ್ ಇದನ್ನು ನಕಲು ಮಾಡಲಾರದು. ಸ್ನೇಹಿತನ ನೋಟ್ಸನ್ನು ನೀವು ಅಕ್ಷರ ಬಿಡದೆ ಇಳಿಸಿಕೊಳ್ಳಬಹುದು, ಆದರೆ ಅವನ ಪುಸ್ತಕದ ಗೆರೆ ಸೊಟ್ಟಗಿದ್ದರೆ ಅದು ನಿಮ್ಮ ಪುಸ್ತಕಕ್ಕೆ ಬರುವುದಿಲ್ಲ, ನಿಮ್ಮ ಪುಸ್ತಕದ ಗೆರೆ ಅಚ್ಚಾಗಿಯೇ ಬಂದಿರುತ್ತದಲ್ಲ. ಖಾಲಿ ಸಿಡಿಯ ಕಥೆಯೂ ಅದೇ, ಗೆರೆ ಕಾರ್ಖಾನೆಯಲ್ಲೇ ಎಳೆದಾಗಿರುತ್ತದೆ.

ಇಷ್ಟು ಜಾಣತನದ ಬೀಗಕ್ಕೆ ಬಂದ ಕೀಲಿ ಹುಣಸೆಬೀಜದಷ್ಟು ದೊಡ್ಡದು, ಎಂಟು ಕಾಲಿನದು. ನಾಲ್ಕೈದು ವೈರು ಬೆಸುಗೆ ಹಾಕಿದರೆ ಮುಗಿಯಿತು. ಮೆಷಿನ್ ಡಿಸ್ಕಿನ ಗೆರೆಯಿಂದ ಅಕ್ಷರ ಬರಲಿ ಎಂದು ಕಾಯುವ ಹೊತ್ತಿಗೆ ಈ ಚಿಪ್ಪು ವೈರಿನ ಮೂಲಕ ಅವೇ ಅಕ್ಷರಗಳನ್ನು ಜಪದ ಹಾಗೆ ಉಸುರುತ್ತಾ ಹೋಗುತ್ತದೆ. ಬೀಗ ಒಡೆಯಲಿಲ್ಲ, ಕಾವಲುಗಾರನ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿತು. ನಮ್ಮ ದುಬೈ ಡಿಸ್ಕ್ ಓಡಿತು. ಸುಳ್ಳೇಕೆ ಹೇಳಲಿ, ಮುಂದಿನ ತಿಂಗಳಿಂದ ಮೆಜೆಸ್ಟಿಕ್ ಕಡೆಯ ಫುಟ್‌ಪಾತಿನ ನಕಲಿ ಡಿಸ್ಕ್‌ಗಳೂ ಓಡಿದವು. ನ್ಯಾಯವಾಗಿ ಶುರುವಾದದ್ದು ಎಷ್ಟು ಬೇಗ ಅಭ್ಯಾಸವಾಗುತ್ತದೆ ನೋಡಿ.

ಪಿಎಸ್‌2 ಕಾಲಕ್ಕೆ ಈ ಅಭ್ಯಾಸ ಊರಿಗೇ ಹಿಡಿಯಿತು. 2000ದಲ್ಲಿ ಬಂದು ಪ್ರಪಂಚದಲ್ಲೆಲ್ಲ 15 ಕೋಟಿಗೂ ಮೀರಿ ಮಾರಾಟವಾದ ಮೆಷಿನ್ ಅದು. ಬನಶಂಕರಿ, ಜೆಪಿ ನಗರದ ನನ್ನ ಸ್ನೇಹಿತರ ಮನೆಗಳಲ್ಲಿ ಚಿಪ್ ಇಲ್ಲದ ಪಿಎಸ್‌2 ನೋಡಿದ ನೆನಪೇ ನನಗಿಲ್ಲ. ಆಮೇಲೆ ಬೆಸುಗೆಯೂ ಬೇಡವಾಯಿತು. 8 ಎಂಬಿಯ ಮೆಮೊರಿ ಕಾರ್ಡಿಗೆ ಫ್ರೀ ಎಂಸಿ ಬೂಟ್ ಅನ್ನುವ ತಂತ್ರಾಂಶ ತುಂಬಿಕೊಟ್ಟರೆ ಸಾಕು, ಗೇಮ್ ಪೆನ್‌ಡ್ರೈವಿನಿಂದ ಓಡುತ್ತಿತ್ತು. ಕ್ರಿಕೆಟ್ 07 ಆಡದ ಹುಡುಗರು ಆಗ ಯಾರಿದ್ದರು? ಆ ಮೆಷಿನ್ನಿನ ಯುಎಸ್‌ಬಿ ಹಳೇ ಕಾಲದ 1.1, ಹಾಗಾಗಿ ಪೆನ್‌ಡ್ರೈವಿನಲ್ಲಿ ಗೇಮಿನ ನಡುವಿನ ವಿಡಿಯೊ ತೊದಲುತ್ತಿತ್ತು. ಅದನ್ನೂ ಸಹಿಸಿಕೊಂಡೆವು.

ಈಗ ಸ್ವಲ್ಪ ಜಗಳಕ್ಕೆ ಬರುತ್ತೇನೆ. ಚಿಪ್ ಹಾಕಿಸುವವರನ್ನು ಬೈಯುವಾಗ ಮೆಷಿನ್ ಮಾಡಿದವರನ್ನೂ ಎರಡು ಮಾತು ಕೇಳಬೇಕು. ಇವನ್ನು ಯಾರ ಮನೆಗೆಂದು ಮಾಡುತ್ತಾರೆ? ಜಮಖಾನ ಹಾಸಿದ, ಕಿಟಕಿ ಮುಚ್ಚಿದ, ಕರೆಂಟು ಹೋಗದ ಮನೆ ಒಂದು ಅವರ ತಲೆಯಲ್ಲಿದ್ದ ಹಾಗೆ ಕಾಣುತ್ತದೆ. ನಾವಿರುವ ಕುಮಾರಸ್ವಾಮಿ ಲೇಔಟ್ ಎತ್ತರದಲ್ಲಿದೆ, ಸಂಜೆ ಗಾಳಿ ಚೆನ್ನಾಗಿ ಬೀಸುತ್ತದೆ. ಗಾಳಿಯ ಜತೆ ಪಕ್ಕದ ಸೈಟಿನ ಎಂ-ಸ್ಯಾಂಡೂ ಬರುತ್ತದೆ. ನಮ್ಮ ಬೀದಿಯಲ್ಲಿ ಮನೆ ಕಟ್ಟುವುದು ನಿಂತ ವರ್ಷವನ್ನು ನಾನು ನೋಡಿಲ್ಲ.

ತಮ್ಮ ಊರಿನ ಮನೆಗಾದರೂ ಸರಿಯಾಗಿ ಮಾಡುತ್ತಾರೆಯೇ ಎಂದರೆ ಅದೂ ಇಲ್ಲ. ಮೊದಲ ಪ್ಲೇಸ್ಟೇಷನ್ನಿನ ಆರಂಭದ ಮಾದರಿಗಳಲ್ಲಿ ಲೇಸರ್ ಓಡಾಡುವ ಪ್ಲಾಸ್ಟಿಕ್ ಸವೆದು ಬಾಗುತ್ತಿತ್ತು. ಮೆಷಿನ್ನನ್ನು ತಲೆಕೆಳಗು ಮಾಡಿ ಆಡುವುದು ಆಗ ಲೋಕಕ್ಕೆಲ್ಲ ಗೊತ್ತಿದ್ದ ಉಪಾಯ. ಎಕ್ಸ್‌ಬಾಕ್ಸ್ 360 ಇನ್ನೂ ದೊಡ್ಡ ಪಾಠ. ಭಾರತಕ್ಕೆ 2006ರ ಸೆಪ್ಟೆಂಬರ್‌ನಲ್ಲಿ ಬಂತು, ಅಕ್ಷಯ್ ಕುಮಾರ್ ಮತ್ತು ಯುವರಾಜ್ ಸಿಂಗ್ ಜಾಹೀರಾತಿನಲ್ಲಿದ್ದರು. ಮುಂದಿನ ಜುಲೈ ಹೊತ್ತಿಗೆ ಮುಂಭಾಗದಲ್ಲಿ ಕೆಂಪು ದೀಪ ಹತ್ತಿ ಸಾಯುವ ಮೆಷಿನ್ನುಗಳು ಎಷ್ಟಾದವೆಂದರೆ, ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. ಕಾಯುವುದು, ತಣಿಯುವುದು, ಮತ್ತೆ ಕಾಯುವುದು. ಈ ಹಿಗ್ಗು-ಕುಗ್ಗಿನಲ್ಲಿ ಚಿಪ್ಪಿನ ಒಳಗಿನ ಸಂಪರ್ಕಗಳು ಬಿರುಕು ಬಿಟ್ಟಿದ್ದವು. ಕಂಪನಿಯ ಎಂಜಿನಿಯರುಗಳೇ 2021ರ ಸಾಕ್ಷ್ಯಚಿತ್ರದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ. ನಮ್ಮ ಕಡೆ ಆಗ ಬಿಸಿಗಾಳಿ ಹೊಡೆದು ಎಬ್ಬಿಸಿ ಕೊಡುತ್ತಿದ್ದರು. ಎರಡು ತಿಂಗಳು ಬದುಕುತ್ತಿತ್ತು, ಮತ್ತೆ ಮಲಗುತ್ತಿತ್ತು.

ಒಳ್ಳೆಯದನ್ನೂ ಹೇಳಬೇಕು. ಪಿಎಸ್‌3ರಲ್ಲಿ ಒಂದು ಸಣ್ಣ ಮುಚ್ಚಳ ತೆಗೆದರೆ ಹಾರ್ಡ್‌ಡಿಸ್ಕ್ ಕೈಗೆ ಬರುತ್ತಿತ್ತು. ಲ್ಯಾಪ್‌ಟಾಪಿನ ಯಾವ ಮಾಮೂಲಿ ಡಿಸ್ಕನ್ನಾದರೂ ಹಾಕಿಕೊಳ್ಳಬಹುದಿತ್ತು, ವಾರಂಟಿಯ ತಕರಾರಿಲ್ಲ. ಪಿಎಸ್‌4ರಲ್ಲೂ ಹಾಗೇ. ಅದರ ಡಿಸ್ಕ್ ಹಿಡಿದಿರುವ ಸ್ಕ್ರೂ ತಲೆಯ ಮೇಲೆ ತ್ರಿಕೋನ, ವೃತ್ತ, ಕತ್ತರಿ ಗುರುತು, ಚೌಕ ಕೊರೆದಿದ್ದಾರೆ. ಇಲ್ಲಿ ಬಿಚ್ಚು ಮಾರಾಯ ಎಂದು ಕರೆಯುವ ಸ್ಕ್ರೂ ಅದು. ಅದೇ ಪೆಟ್ಟಿಗೆಯ ಹಿಂಬದಿಯಲ್ಲಿ ಮುಖ್ಯ ಸ್ಕ್ರೂಗಳು ಆರು ಮೂಲೆಯ ನಕ್ಷತ್ರದವು, ನಕ್ಷತ್ರದ ನಡುವೆ ಕಡ್ಡಿ ಬೇರೆ. ಕೆಲವು ವಾರಂಟಿ ಸ್ಟಿಕರ್ ಕೆಳಗೆ ಅಡಗಿವೆ. ಒಂದೇ ಮೆಷಿನ್ನಿನಲ್ಲಿ ಎರಡು ಬುದ್ಧಿ. ಸ್ಟಿಕರ್ ಹರಿದರೆ ವಾರಂಟಿ ಇಲ್ಲ ಎಂದು ಹೆದರಿಸುವುದು ತಪ್ಪು ಎಂದು ಅಮೆರಿಕದ ವ್ಯಾಪಾರ ಆಯೋಗ 2018ರಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಸೇರಿ ಆರು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು.

ಪಿಎಸ್‌5 ನೋಡಲು ಹೊಸ ಮದುವೆ ಮಂಟಪದಂತಿದೆ. ಮೊದಲು ಬಂದ ಮಾದರಿಯ ಎತ್ತರ 39 ಸೆಂಟಿಮೀಟರು, ತೂಕ ನಾಲ್ಕೂವರೆ ಕಿಲೊ. ನಮ್ಮ ಮನೆಯ ಶೋಕೇಸಿನಲ್ಲಿ ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ. ಆದರೂ ಅದರ ವಿನ್ಯಾಸಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಸೋನಿಯ ಯಾಸುಹಿರೊ ಓತೊರಿ 2020ರ ಅಕ್ಟೋಬರ್‌ನಲ್ಲಿ ಅದನ್ನು ಕ್ಯಾಮೆರಾ ಮುಂದೆ ತಾವೇ ಬಿಚ್ಚಿ ತೋರಿಸಿದರು. ಪಕ್ಕದ ಬಿಳಿ ಹಲಗೆಗಳು ಸ್ಕ್ರೂ ಇಲ್ಲದೆ ಜಾರಿಸಿದರೆ ಬರುತ್ತವೆ. ಒಳಗೆ ಧೂಳು ಸೇರಲೆಂದೇ ಗೂಡು ಮಾಡಿ, ವ್ಯಾಕ್ಯೂಮ್ ಕ್ಲೀನರ್ ಇಡಲು ಎರಡು ತೂತು ಬಿಟ್ಟಿದ್ದಾರೆ. ಮನುಷ್ಯರ ಮನೆಯಲ್ಲಿ ಧೂಳಿರುತ್ತದೆ ಎಂದು ಇಷ್ಟು ವರ್ಷದ ಮೇಲೆ ಯಾರೋ ಒಪ್ಪಿಕೊಂಡರು.

ಕೈಯಲ್ಲಿ ಹಿಡಿಯುವ ಕಂಟ್ರೋಲರ್ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಮತ್ತೆ ಏರುತ್ತದೆ. ಆಟದೊಳಗಿನ ಬೊಂಬೆ ಸುಮ್ಮನೆ ನಿಂತಿರಬೇಕಾದಾಗ ತಾನಾಗಿ ಎಡಕ್ಕೆ ನಡೆಯುತ್ತದೆ. ಹುಡುಗರು ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿತ್ತಲ್ಲ, ಕಾರಣ ಅದೇ. ಹೆಬ್ಬೆರಳ ಕಡ್ಡಿಯ ಬುಡದಲ್ಲಿ ಇಂಗಾಲ ಸವರಿದ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ನಾಲಗೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಪಿಎಸ್‌5 ಕಂಟ್ರೋಲರಿನ ಬಿಡಿಭಾಗ ಬಿಚ್ಚಿ ಲೆಕ್ಕ ಹಾಕಿದ ಐಫಿಕ್ಸಿಟ್ ಸಂಸ್ಥೆಯವರು, ಗುಂಡು ಹಾರಿಸುವ ಆಟ ಆಡಿದರೆ ಅದರ ಆಯಸ್ಸು 417 ಗಂಟೆಯಲ್ಲಿ ಮುಗಿಯಬಹುದು ಎಂದು 2021ರಲ್ಲಿ ಬರೆದರು. ದಿನಕ್ಕೆ ಎರಡು ಗಂಟೆ ಆಡುವವನಿಗೆ ಏಳು ತಿಂಗಳು. ನಿಂಟೆಂಡೊ ಅಧ್ಯಕ್ಷರು 2020ರಲ್ಲಿ ಷೇರುದಾರರ ಸಭೆಯಲ್ಲೇ ತಮ್ಮ ಜಾಯ್-ಕಾನ್ ಕಂಟ್ರೋಲರಿನ ಇದೇ ತೊಂದರೆಗೆ ಕ್ಷಮೆ ಕೇಳಿದ್ದರು. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಉಜ್ಜಾಟವೇ ಇಲ್ಲದೆ ಅಯಸ್ಕಾಂತದ ಚಲನೆಯನ್ನು ಅಳೆಯುವ ಹಾಲ್ ಸೆನ್ಸರ್ ಕಡ್ಡಿಯನ್ನು ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟಿನಲ್ಲೇ ಹಾಕಿತ್ತು. ಇವತ್ತಿಗೂ ದುಬಾರಿ ಮೆಷಿನ್ನುಗಳ ಜತೆ ಬರುವುದು ಉಜ್ಜುವ ಕಡ್ಡಿಯೇ. ನಮ್ಮ ಮನೆಯ ಕಂಟ್ರೋಲರಿಗೆ ನಾನೇ ಹಾಲ್ ಕಡ್ಡಿ ಹಾಕಿದೆ. ಒಂದೊಂದು ಕಡ್ಡಿಗೆ 14 ಬೆಸುಗೆ. ಹಳೆಯದನ್ನು ಕೀಳುವಾಗ ಬೋರ್ಡಿನ ತಾಮ್ರ ಎದ್ದು ಬಂದು ಮೊದಲ ಕಂಟ್ರೋಲರ್ ಕಸಕ್ಕೆ ಹೋಯಿತು. ಎರಡನೆಯದು ಮೂರು ವರ್ಷದಿಂದ ನೆಟ್ಟಗಿದೆ. ಮಾಡಿಫಿಕೇಶನ್ ಅಂದರೆ ಕಳ್ಳತನ ಅನ್ನುವವರಿಗೆ ಇದನ್ನು ತೋರಿಸುತ್ತೇನೆ.

ಕಾನೂನು ಏನು ಹೇಳುತ್ತದೆ? ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಅನ್ನುವ ಕಲಮು ಸೇರಿತು. ತಾಂತ್ರಿಕ ಬೀಗವನ್ನು ಹಕ್ಕುಗಳ ಉಲ್ಲಂಘನೆಯ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಜೈಲು, ಜತೆಗೆ ದಂಡ. ಉದ್ದೇಶ ಅನ್ನುವ ಪದಕ್ಕೆ ಅಲ್ಲಿ ತೂಕವಿದೆ; ಕಾಯಿದೆ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆದರೆ ಅದು ಅಪರಾಧವಲ್ಲ. ಪುಕ್ಕಟೆ ಗೇಮ್ ತುಂಬಿಸುವುದು ಈ ರಿಯಾಯಿತಿಯೊಳಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು ಅದರಲ್ಲಿದೆ, ಓದಿ ನಕ್ಕೆ. ಹೀಗೆ ಬೇರೆಯವರಿಗೆ ಬೀಗ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಯಾವ ಉದ್ದೇಶಕ್ಕೆ ಎಂಬುದನ್ನೆಲ್ಲ ಪೂರ್ತಿ ಬರೆದಿಟ್ಟುಕೊಳ್ಳಬೇಕಂತೆ. ನಾನು ಹೋಗುವ ರಿಪೇರಿ ಅಂಗಡಿಯ ಪುಸ್ತಕದಲ್ಲಿ 'ಪಿಎಸ್4, ಸೌಂಡ್, ಬುಧವಾರ' ಎಂದಷ್ಟೇ ಇರುತ್ತದೆ.

ಬೀಗ ರಿಪೇರಿಗೂ ಅಡ್ಡ ಬರುತ್ತದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. ಈ ಮೆಷಿನ್ನುಗಳ ಡಿಸ್ಕ್ ಡ್ರೈವನ್ನು ಮುಖ್ಯ ಬೋರ್ಡಿಗೆ ಗಂಟು ಹಾಕಿರುತ್ತಾರೆ. ಸತ್ತ ಡ್ರೈವ್ ತೆಗೆದು ಇನ್ನೊಂದು ಪಿಎಸ್‌4ರ ಡ್ರೈವ್ ಹಾಗೇ ಇಟ್ಟರೆ ಗೇಮ್ ಓದುವುದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಡ್ರೈವ್ ರಿಪೇರಿಗೆಂದೇ ಕಾನೂನಿನಿಂದ ವಿನಾಯಿತಿ ಕೊಡಬೇಕಾಯಿತು. ಕೊಂಡ ಗೇಮ್ ಉಳಿಸಿಕೊಳ್ಳುವುದಕ್ಕೂ ಬೀಗ ಅಡ್ಡ. ನಿಂಟೆಂಡೊ ತನ್ನ 3ಡಿಎಸ್ ಮೆಷಿನ್ನಿನ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮನ್ನು ಈಗ ದುಡ್ಡು ಕೊಡುತ್ತೇನೆಂದರೂ ಮಾರುವವರಿಲ್ಲ. ಅಂಥ ಮೆಷಿನ್ನಿನ ಬೀಗ ತೆಗೆದು ತನ್ನ ಗೇಮ್ ಉಳಿಸಿಕೊಳ್ಳುವವನನ್ನು ನಾನು ಕಳ್ಳ ಅನ್ನುವುದಿಲ್ಲ.

ನಮ್ಮ ಪಿಜಿ ಹುಡುಗನ ಪಿಎಸ್‌4 ಅಂಥದ್ದಲ್ಲ. ಅವನಿಗೆ ನೇರವಾಗಿ ಹೇಳಿದೆ: ಜೈಲ್‌ಬ್ರೇಕ್ ಆಗುವುದು ಹಳೇ ಸಾಫ್ಟ್‌ವೇರ್ ಉಳಿಸಿಕೊಂಡ ಮೆಷಿನ್ನಿಗೆ, ನೀನು ಅಪ್‌ಡೇಟ್ ಒತ್ತಿಬಿಟ್ಟಿದ್ದರೆ ಮುಗಿಯಿತು. ಆನ್‌ಲೈನ್ ಆಡಿದರೆ ಅಕೌಂಟ್ ಬ್ಯಾನ್ ಆಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪಿಎಸ್‌4 ಜೈಲ್‌ಬ್ರೇಕ್ ಕೂರುವುದು ಮೆಮೊರಿಯಲ್ಲಿ ಮಾತ್ರ. ಮೆಷಿನ್ ಆಫ್ ಆದರೆ ಹೋಯಿತು, ಮತ್ತೆ ಮೊದಲಿಂದ ಮಾಡಬೇಕು. "ನಿಮ್ಮ ಪಿಜಿಯಲ್ಲಿ ಯುಪಿಎಸ್ ಇದೆಯಾ?" ಅಂದೆ. ತಲೆ ಅಲ್ಲಾಡಿಸಿದ. ಬೆಸ್ಕಾಂನವರು ಕರೆಂಟು ತೆಗೆದಾಗಲೆಲ್ಲ ಇವನ ಜೈಲು ಮತ್ತೆ ಬೀಗ ಹಾಕಿಕೊಳ್ಳುತ್ತದೆ.

ಆಮೇಲೆ ಊಟದ ಮೇಜಿನ ಮೇಲೆ ಹಳೇ ಪ್ರಜಾವಾಣಿ ಹಾಸಿ ಮುಚ್ಚಳ ತೆಗೆದೆವು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟೆ. ನನ್ನ ಹೆಂಡತಿಗೆ ಈ ಪದ್ಧತಿ ಒಪ್ಪಿಗೆಯಿಲ್ಲ. ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಕಂಬಳಿ. ಹೀಟ್‌ಸಿಂಕ್ ಎತ್ತಿದಾಗ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ವಿಭೂತಿಯಾಗಿತ್ತು. ವಿದ್ಯುತ್ ಪೆಟ್ಟಿಗೆಯನ್ನು ಸರಿಸಿದೆ. ಹುಡುಗ "ಅಮ್ಮಾ!" ಎಂದು ಹಿಂದಕ್ಕೆ ಹಾರಿದ. ಒಂದು ಜಿರಳೆ ಸತ್ತು ಬಿದ್ದಿತ್ತು, ಇನ್ನೊಂದು ಬದುಕಿತ್ತು.

ಪಿಎಸ್‌4 ಬಿಚ್ಚುವವರಿಗೆ ಇದು ಹೊಸತಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ವಿದ್ಯುತ್ತಿನ ಇಟ್ಟಿಗೆ ಹೊರಗಿತ್ತು. ಪಿಎಸ್‌4 ಅದನ್ನು ಒಳಗಿಟ್ಟುಕೊಂಡಿತು, ಸುತ್ತ ಅಗಲವಾದ ಸಂದು ಬಿಟ್ಟಿತು. ನೋಡಲು ಅಂದವೇ. ಜಿರಳೆಗೆ ಬೇಕಾದ್ದು ಕತ್ತಲೆ, ಬಿಸಿ, ಇಕ್ಕಟ್ಟು. ಮೂರೂ ಅಲ್ಲಿ ಪುಕ್ಕಟೆ.

ಬ್ರಷ್ಷಿನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳೇ ಪೇಸ್ಟ್ ಒರೆಸಿ, ಹೊಸ ಪೇಸ್ಟ್ ಕಡಲೆಕಾಳಿನಷ್ಟು ಹಾಕಿ ಮುಚ್ಚಿದೆವು. ಎರಡೂವರೆ ಗಂಟೆ ಹಿಡಿಯಿತು, ಒಂದು ಸ್ಕ್ರೂ ಉಳಿಯಿತು. ಆನ್ ಮಾಡಿದಾಗ ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಸುಮ್ಮನಿತ್ತು. ಜೈಲ್‌ಬ್ರೇಕ್ ಮಾತು ಅವನು ಬಿಟ್ಟಿದ್ದಾನೋ ಇಲ್ಲವೋ, ನಾನು ಕೇಳಲಿಲ್ಲ.

ನಿಮ್ಮ ಮನೆಯ ಮೆಷಿನ್ ಮಿಕ್ಸಿಯಂತೆ ಕೂಗುತ್ತಿದ್ದರೆ ಮೊದಲು ಅದರ ಹೊಟ್ಟೆ ನೋಡಿಸಿ. ಜಿರಳೆ ಕಂಡರೆ ಸಂದಿಯೊಳಗೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಅದು ಬೋರ್ಡಿನ ಮೇಲೆ ಜಿಡ್ಡಾಗಿ ಕೂರುತ್ತದೆ, ಬೆಂಕಿಯ ಭಯವೂ ಇದೆ. ಟಿವಿ ಸ್ಟ್ಯಾಂಡಿನ ಹಿಂದೆ ಜೆಲ್ ಇಡಿ.